ಮೂರು ಸಲ ಹಾರನ್

ಹೊಸ ಕಾರು ತಂದ ದಿನ ನೀವು ಗೇಟಿನ ಮುಂದೆ ನಿಲ್ಲಿಸಿ, ಖುಷಿಗೆ ಮೂರು ಸಲ ಹಾರನ್ ಹೊಡೆದಿರಿ. ನಿಮ್ಮಮ್ಮ ಆರತಿ ತಟ್ಟೆ ಹಿಡಿದು ಹೊರಗೆ ಬಂದಳು. ಬಾಗಿಲಲ್ಲಿ ನಿಂತಿದ್ದ ನಾನು ಒಳಗೆ ಹೋಗಿ ಮಂಚದ ಮೇಲೆ ಕೂತುಬಿಟ್ಟೆ. ಅಜ್ಜಿಗೆ ಕಾರಿನ ಬಣ್ಣ ಹಿಡಿಸಲಿಲ್ಲ ಎಂದು ನಿಮ್ಮಲ್ಲೊಬ್ಬರು ಅಂದದ್ದು ಕೇಳಿಸಿತು. ಬಣ್ಣ ಚೆನ್ನಾಗಿಯೇ ಇದೆ. ಮನೆ ಮುಂದೆ ಹಾರನ್ ಹೊಡೆಯಬೇಡಿ ಎಂದು ನಾನು ಯಾಕೆ ಹೇಳುತ್ತೇನೆಂದು ನೀವು ಚಿಕ್ಕವರಿದ್ದಾಗಿನಿಂದ ಕೇಳುತ್ತಿದ್ದೀರಿ. ತಲೆನೋವು ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಬಾಯಿ ಬಿಟ್ಟು ಹೇಳುವುದು ನನ್ನಿಂದ ಆಗದು. ನಾಲ್ಕು ಜನರ ಮುಂದೆ ಮಾತಾಡಿದವಳಲ್ಲ ನಾನು. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮದುವೆಯಾದ ಕಾಲಕ್ಕೆ, ಎಂದರೆ ಎಪ್ಪತ್ತರ ದಶಕದ ಮೊದಲಿಗೆ, ನಮ್ಮ ಕಡೆ ಕಾರುಗಳು ಬೆರಳಲ್ಲಿ ಎಣಿಸುವಷ್ಟು. ಹಾಗಾಗಿ ಕಾರು ಕಂಡರೆ ಆಳು ಗೊತ್ತಾಗುತ್ತಿತ್ತು. ಹೊಳಲ್ಕೆರೆಯಲ್ಲಿ ಡಾಕ್ಟರ ಬೂದು ಬಣ್ಣದ ಫಿಯಟ್ ಯಾರ ಮನೆ ಮುಂದೆ ನಿಂತರೂ ಬೀದಿಯ ಹೆಂಗಸರು "ಅಯ್ಯೋ, ಯಾರಿಗೇನಾತೋ" ಎಂದು ಸೆರಗನ್ನು ಬಾಯಿಗೆ ಹಿಡಿದು ಓಡಿ ಬರುತ್ತಿದ್ದರು. ದುರ್ಗದಲ್ಲಿ ಹತ್ತಿ ಗಿರಣಿ ಸಾಹುಕಾರರ ಅಂಬಾಸಿಡರ್ ಬಂದರೆ ಸೈಕಲ್ ಮೇಲಿದ್ದವರು ಇಳಿದು ನಿಲ್ಲುತ್ತಿದ್ದರು. ಮಠದ ಕಾರಿಗಂತೂ ಒಳಗೆ ಸ್ವಾಮಿಗಳು ಇರಲಿ ಬಿಡಲಿ, ಜನ ಕೈಮುಗಿಯುತ್ತಿದ್ದರು. ರಿಪೇರಿಗೆ ಹೋಗಿ ಬರುವ ಖಾಲಿ ಕಾರಿಗೂ ಮುಗಿಯುತ್ತಿದ್ದರು. ಆ ಕಾರಿನ ಡ್ರೈವರ್ ನಿಮ್ಮಜ್ಜನ ಸ್ನೇಹಿತ. "ದಿನಾ ನೂರು ನಮಸ್ಕಾರ ತಗಂತೀನಿ ಕಣೋ. ಮನೀಗೆ ಹೋದ್ರೆ ಹೆಂಡ್ತಿ, ಎರಡು ಕೊಡ ನೀರು ಸೇದಿ ಹಾಕು ಅಂತಾಳೆ" ಎಂದು ನಗುತ್ತಿದ್ದನಂತೆ.

ನಿಮ್ಮಜ್ಜನೂ ಡ್ರೈವರೇ. ಹತ್ತಿ ಗಿರಣಿಯ ಆ ಅಂಬಾಸಿಡರ್ ಓಡಿಸುತ್ತಿದ್ದರು. ಕಾರು ಯಾರದೋ, ಕೈ ಇವರದು. ಆದರೆ ನಮ್ಮ ಹಳ್ಳಿಯ ಜನಕ್ಕೆ ಅಷ್ಟೇ ಸಾಕಾಗಿತ್ತು. ನನ್ನ ತವರು ಬಿ.ದುರ್ಗದ ಆಚೆ ಒಂದು ಸಣ್ಣ ಊರು. ನಮ್ಮದು ಕುರಿ ಕಾಯುವ ಮನೆತನ. "ಹುಡುಗ ಕಾರು ಓಡಿಸ್ತಾನೆ" ಎಂಬ ಒಂದು ಮಾತಿಗೆ ನಮ್ಮಪ್ಪ ನನ್ನನ್ನು ಕೊಟ್ಟರು. ಆದರೆ ಆ ಕಾರಿನಲ್ಲಿ ಅವರು ಒಂದು ದಿನವೂ ಕೂರಲಿಲ್ಲ. ದುರ್ಗಕ್ಕೆ ಬಂದಾಗ ನಿಮ್ಮಜ್ಜ ಬಾಗಿಲು ತೆಗೆದು, "ಮಾವ, ಬಸ್‌ಸ್ಟ್ಯಾಂಡ್ ತನಕ ಬಿಡ್ತೀನಿ, ಬರ್ರಿ" ಎಂದರೆ, "ಬ್ಯಾಡಪ್ಪ, ಕಂಬಳಿ ಐತೆ ಹೆಗಲ ಮ್ಯಾಲೆ. ಕುರಿ ವಾಸನೆ ಹತ್ಕಂಡ್ರೆ ನಿನ್ನ ಸಾಹುಕಾರ ನಿನ್ನ ಬೈತಾನೆ" ಎಂದು ನಡೆದೇ ಹೋಗುತ್ತಿದ್ದರು.

ಕಾರಿನಲ್ಲಿ ಕೂರುವ ಆಸೆ ಇದ್ದದ್ದು ನನ್ನ ತಮ್ಮನಿಗೆ. ನನಗಿಂತ ಐದು ವರ್ಷ ಚಿಕ್ಕವನು. ಕುರಿ ಮೇಯಿಸಲು ಹೋದಾಗ ಚಿಕ್ಕಜಾಜೂರಿನ ದಾರಿಯಲ್ಲಿ ಬಸ್ಸು ಲಾರಿ ಬರುವುದನ್ನು ನೋಡುತ್ತಾ ಕೂರುವನು. ಕುರಿ ದಾರಿ ತಪ್ಪಿದರೆ ಎಲ್ಲರೂ "ಹ್ರ್ರ್ ಹ್ರ್ರ್" ಎಂದು ಕೂಗಿದರೆ ಇವನು ಬಾಯಲ್ಲಿ "ಪೋಂ ಪೋಂ" ಎಂದು ಹಾರನ್ ಹೊಡೆಯುವನು. ಅವನ ಕುರಿಗಳಿಗೆ ಅದೇ ಅಭ್ಯಾಸವಾಗಿತ್ತು. "ಇವನ ಕುರಿ ರೋಡಿಗೆ ಬಂದ್ರೆ ಲಾರಿ ಹಾರನ್ ಹೊಡೆದ್ರೂ ಹೆದರಲ್ಲ, ನಮ್ಮ ಯಜಮಾನ ಬಂದ ಅಂತ ಅದರ ಹಿಂದೇನೇ ಹೋಗ್ತಾವೆ" ಎಂದು ಅಮ್ಮ ಅವನನ್ನು ಆಡಿಕೊಳ್ಳುತ್ತಿದ್ದಳು.

ನನ್ನ ಮೊದಲ ಮಗು ಹೆಣ್ಣು. ಅವಳು ಹುಟ್ಟಿದ ವರ್ಷ ನಿಮ್ಮಜ್ಜನಿಗೆ ಸರ್ಕಾರದ ಜೀಪಿನ ಕೆಲಸ ಸಿಕ್ಕಿತು. ನಾವು ಹೊಳಲ್ಕೆರೆಗೆ ಬಂದೆವು. ಸಾಹುಕಾರರ ಹತ್ತಿರದ ಕೆಲಸ ಬಿಡಲು ಅವರಿಗೆ ಅಷ್ಟು ಮನಸ್ಸಿರಲಿಲ್ಲ. ಸರ್ಕಾರದ್ದು ಎಂದರೆ ಕಾಯಂ, ಬಿಡಬೇಡಿ ಎಂದು ಹಿಂದೆ ಬಿದ್ದವಳು ನಾನು. ಇದನ್ನು ಮುಚ್ಚಿಡಬಾರದು, ಅದಕ್ಕೇ ಬರೆದೆ. ಜೀಪು ನಮ್ಮ ಬೀದಿಗೆ ಬಂದು ನಿಂತಾಗ ಅಕ್ಕಪಕ್ಕದವರು ಬಾಗಿಲಿಗೆ ಬರುತ್ತಿದ್ದರಲ್ಲ, ಆಗ ನಾನು ಬೇಕೆಂದೇ ಸ್ವಲ್ಪ ತಡೆದು ಹೊರಗೆ ಹೋಗುತ್ತಿದ್ದೆ. ನಲ್ಲಿಯ ಹತ್ತಿರ ನನಗೆ "ಜೀಪಿನೋರ ಹೆಂಡ್ತಿ" ಎಂಬ ಹೆಸರಾಯಿತು. ಕೊಡ ಇಡಲು ಜಾಗ ಬಿಡುತ್ತಿದ್ದರು.

ಜೀಪು ಇವತ್ತು ಹೊಸದುರ್ಗ, ನಾಳೆ ಹಿರಿಯೂರು ಎಂದು ಸುತ್ತುತ್ತಿತ್ತು. ಆಫೀಸಿನ ಸಾಹೇಬರು ಜೀಪಿನಲ್ಲಿ ಇಲ್ಲದಾಗ ನನ್ನ ತವರಿನ ದಾರಿಯಲ್ಲಿ ಹೋದರೆ ನಿಮ್ಮಜ್ಜ ಅಲ್ಲಿ ಇಳಿದು ಒಂದು ಚೊಂಬು ಮಜ್ಜಿಗೆ ಕುಡಿದು ಬರುತ್ತಿದ್ದರು. ಕುರಿ ಹಟ್ಟಿ ಊರಾಚೆ ಇತ್ತು. ಇವರು ಬಂದದ್ದು ಗೊತ್ತಾಗದೆ ಹಟ್ಟಿಯಲ್ಲೇ ಉಳಿದೆವೆಂದು ಅಮ್ಮ ಒಂದು ಸಲ ತುಂಬಾ ನೊಂದುಕೊಂಡಳು. ಅಂದಿನಿಂದ ಕೆರೆ ಏರಿ ಹತ್ತುವಾಗ ಮೂರು ಸಲ ಹಾರನ್ ಹೊಡೆಯುವುದು ಎಂದಾಯಿತು. ಮೂರು ಸಲ ಕೇಳಿದರೆ ಅಳಿಯ ಬಂದ ಎಂದರ್ಥ. ನನ್ನ ತಮ್ಮ ಕುರಿ ಬಿಟ್ಟು ಓಡಿ ಬರುವನು. ಬಂದವನೇ ಮುಂದಿನ ಸೀಟು ಹತ್ತಿ, ಏರಿಯಿಂದ ಮನೆಯ ತನಕ ಕೂತು ಬರುವನು. "ನಮ್ಮ ಜೀಪು" ಎನ್ನುವನು. ನಮ್ಮಪ್ಪ ಇದರಲ್ಲಿಯೂ ಕೂರಲಿಲ್ಲ. ಆದರೆ ಜೀಪಿನ ಬಾನೆಟ್ ಮೇಲೆ ಕೈಯಿಟ್ಟು, ಹೋತದ ಬೆನ್ನು ತಟ್ಟುವ ಹಾಗೆ ಎರಡು ಸಲ ತಟ್ಟುತ್ತಿದ್ದರು.

ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ಆಪರೇಷನ್ನಿನ ಕಾಲ ಬಂತು. ಮಕ್ಕಳಾಗದ ಹಾಗೆ ಗಂಡಸರಿಗೆ ಆಪರೇಷನ್ ಮಾಡಿಸುವುದು. ಅಲ್ಲಲ್ಲಿ ಶಿಬಿರ ಹಾಕುತ್ತಿದ್ದರು. ಇಷ್ಟು ಜನರನ್ನು ಕರೆತರಲೇಬೇಕೆಂದು ನೌಕರರ ಮೇಲೆ ಒತ್ತಡ. ಕರೆತಂದವರಿಗೆ "ಕೇಸು" ಎಂದು ಹೆಸರು. ಮನುಷ್ಯರಿಗೆ ಕೇಸು ಎನ್ನುವುದನ್ನು ನಾನು ಆಗಲೇ ಮೊದಲು ಕೇಳಿದ್ದು. ಕೆಲವರು ಒಪ್ಪಿಯೇ ಬಂದರು, ಇಲ್ಲವೆನ್ನುವುದಿಲ್ಲ. ಆದರೆ ಒಪ್ಪದವರನ್ನೂ ಹತ್ತಿಸಿಕೊಂಡು ಹೋದ ಸುದ್ದಿ ಒಂದೊಂದೂರಿನಿಂದ ಬರತೊಡಗಿತು. ಮುಂಚೆ ಜೀಪು ಕಂಡರೆ ಕಟ್ಟೆ ಮೇಲಿನ ಗಂಡಸರು ಎದ್ದು ನಿಲ್ಲುತ್ತಿದ್ದರು. ಈಗ ಎದ್ದು ಓಡುತ್ತಿದ್ದರು. ದೂರದಲ್ಲಿ ಧೂಳು ಕಂಡರೆ ಸಾಕು, ಜೋಳದ ಹೊಲ ನುಗ್ಗಿ ಕುಕ್ಕರಗಾಲಲ್ಲಿ ಕೂರುವರು. ನಲ್ಲಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಈಗಲೂ ಕೊಡ ಇಡಲು ಜಾಗ ಬಿಡುತ್ತಿದ್ದರು, ಮೊದಲಿಗಿಂತ ಜಾಸ್ತಿಯೇ.

ಆ ವರ್ಷ ಯುಗಾದಿಯ ನಂತರ ನನ್ನ ತಮ್ಮನ ಮದುವೆಯಾಗಿತ್ತು. ಹುಡುಗಿ ಹೊಸದುರ್ಗದ ಕಡೆಯವಳು. ನಗುಮುಖದವಳು, ಅತ್ತೆಮನೆಗೆ ಬಂದ ವಾರಕ್ಕೇ ಅವಳೂ ಕುರಿಗಳಿಗೆ ಬಾಯಲ್ಲಿ ಹಾರನ್ ಹೊಡೆಯಲು ಕಲಿತಿದ್ದಳು.

ಮುಂದಿನದನ್ನು ನಾನು ಕಂಡಿಲ್ಲ. ನಿಮ್ಮಜ್ಜ ಒಂದೇ ಸಲ ಹೇಳಿದರು, ನನ್ನ ತಮ್ಮ ಬೇರೆ ಬೇರೆ ಸಮಯದಲ್ಲಿ ಸ್ವಲ್ಪ ಸ್ವಲ್ಪ ಹೇಳಿದ. ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಒಂದು ದಿನ ಬೆಳಿಗ್ಗೆ ಕೇಸು ಹುಡುಕಲೆಂದು ಸಾಹೇಬರನ್ನು ಕೂರಿಸಿಕೊಂಡು ನಿಮ್ಮಜ್ಜ ಬಿ.ದುರ್ಗದ ಆಚೆಗೆ ಹೋದರು. ಮೂರು ಊರು ತಿರುಗಿದರೂ ಒಬ್ಬ ಗಂಡಸೂ ಕಾಣಲಿಲ್ಲ. ಸಾಹೇಬರು ಸಿಡುಕುತ್ತಾ ಹಿಂದಿನ ಸೀಟಿನಲ್ಲಿ ಕಾಲು ಚಾಚಿದ್ದರು. ನನ್ನ ತವರಿನ ಕೆರೆ ಏರಿ ಬಂತು. ಏರಿ ಹತ್ತುತ್ತಿದ್ದ ಹಾಗೆ ಇವರ ಕೈ ತಾನಾಗಿ ಹಾರನ್ನಿನ ಮೇಲೆ ಹೋಯಿತು. ಮೂರು ಸಲ. ಮೂರನೆಯದು ಹೊಡೆದ ಮೇಲೆ ಹಿಂದೆ ಯಾರು ಕೂತಿದ್ದಾರೆಂದು ನೆನಪಾಯಿತಂತೆ.

ಜೀಪಿಗೆ ಹೆದರುತ್ತಿದ್ದ ಊರೇ ಅದು. ಆದರೆ ಈ ಹಾರನ್ನಿಗೆ ಯಾರೂ ಹೆದರಲಿಲ್ಲ. ನನ್ನ ತಮ್ಮ ಹಟ್ಟಿಯಿಂದ ಓಡಿ ಬಂದ. ಅವನ ಜೊತೆ ಕುರಿ ಕಾಯುತ್ತಿದ್ದ ಮೂವರು ಗಂಡಸರು ನಡೆದು ಬಂದರು. ಸಾಹೇಬರಿಗೆ ಆಶ್ಚರ್ಯ. "ಅಲ್ಲಯ್ಯಾ, ಹಾರನ್ ಹೊಡೆದ್ರೆ ಬರ್ತಾರಲ್ಲೋ ಇವರು! ಇಷ್ಟು ದಿನ ಹೇಳ್ಲೇ ಇಲ್ಲ ನೀನು" ಎಂದರಂತೆ. ತಮ್ಮ ಯಾವತ್ತಿನ ಹಾಗೆ ಮುಂದಿನ ಸೀಟು ಹತ್ತಿಬಿಟ್ಟ. ಹೊಳಲ್ಕೆರೆಯಲ್ಲಿ ಹೆಸರು ಬರೆಸುವುದಿದೆ, ಸಂಜೆಗೆ ತಂದು ಬಿಡುತ್ತೇವೆ, ಹತ್ತಿರಿ ಎಂದು ಸಾಹೇಬರು ಉಳಿದವರಿಗೆ ಹೇಳಿದರು. ಅವರು ಅನುಮಾನಿಸಿದರು. ತಮ್ಮನೇ ಅವರನ್ನು ಕರೆದ. "ಏ ಹತ್ರಪ್ಪ, ನಮ್ಮ ಭಾವನ ಜೀಪು ಇದು. ನಮ್ಮಕ್ಕನ ಮನೀಗೆ ಹೋಗಿ ಉಂಡು ಬರಾಣ."

ದಾರಿಯಲ್ಲಿ ಒಂದು ಹಳ್ಳದ ಮೋರಿ ಬರುತ್ತದೆ. ಅಲ್ಲಿ ನಿಮ್ಮಜ್ಜ ಜೀಪು ನಿಲ್ಲಿಸಿದರು. ರೇಡಿಯೇಟರ್ ಕಾದಿದೆ, ನೀರು ಹಾಕಬೇಕು ಎಂದರು. ಕಾದಿರಲಿಲ್ಲ. ಸಾಹೇಬರು ಮೂತ್ರಕ್ಕೆಂದು ಮರದ ಮರೆಗೆ ಹೋದರು. ಹಿಂದೆ ಕೂತಿದ್ದ ಮೂವರೂ ಇವರ ಮುಖ ನೋಡಿದರು. ಇವರು ಹೊಲದ ಕಡೆ ಕಣ್ಣಲ್ಲೇ ಸನ್ನೆ ಮಾಡಿದರು. ಅಷ್ಟೇ, ಮೂವರೂ ಕೆಳಗೆ ಹಾರಿ, ಹತ್ತಿಯ ಹೊಲದೊಳಗೆ ಮಾಯವಾದರು.

ತಮ್ಮ ಇರಲಿಲ್ಲ. ನೀರು ಬೇಕೆಂದದ್ದು ಕೇಳಿ, ಡಬ್ಬ ಹಿಡಿದು ಹಳ್ಳಕ್ಕೆ ಇಳಿದಿದ್ದ. ನಿಮ್ಮಜ್ಜ ಅವನೂ ಹಾಗೇ ಹೋದನೆಂದು ಉಸಿರು ಬಿಟ್ಟರಂತೆ. ಅಷ್ಟರಲ್ಲಿ ಅವನು ಡಬ್ಬದ ತುಂಬ ನೀರು ತುಂಬಿಕೊಂಡು, ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಮೇಲೆ ಹತ್ತಿ ಬಂದ.

"ಓಡೋ ಲೇ" ಎಂದರು ಇವರು ಮೆಲ್ಲಗೆ.

"ಎಲ್ಲಿಗೆ ಭಾವ?"

"ಎಲ್ಲಿಗಾರ ಓಡು. ಹಳ್ಳದಾಗೆ ಇಳಿದು ಓಡು."

"ನೀರು ಹಾಕಲ್ವಾ? ಕಾದೈತೆ ಅಂದ್ಯಲ್ಲ" ಎಂದು ಅವನು ಬಾನೆಟ್ ಎತ್ತಲು ಹೋದ. ಸಾಹೇಬರು ಹಿಂದಿರುಗಿ ಬಂದರು.

ಮೂವರು ಇಲ್ಲದ್ದನ್ನು ಕಂಡು ಸಾಹೇಬರು ಬೈದದ್ದನ್ನು ಬರೆಯುವುದಿಲ್ಲ. ನಿಮ್ಮಜ್ಜ ಕೈಮುಗಿದು, "ಸಾರ್, ಇವ್ನು ನನ್ನ ಹೆಂಡ್ತಿ ತಮ್ಮ. ಮದುವೆಯಾಗಿ ಇನ್ನೂ ಆರು ತಿಂಗಳಾಗಿಲ್ಲ" ಎಂದು ಹೇಳಿದರಂತೆ. "ಮೂರು ಜನಾನ ಓಡಿಸ್ದೆ, ಇವನ್ನೂ ಓಡಿಸ್ತೀಯೇನೋ? ನೌಕರಿ ಬೇಕೋ ಬೇಡ್ವೋ ನಿಂಗೆ?" ಎಂದರು ಸಾಹೇಬರು. ನಿಮ್ಮಜ್ಜ ಜೀಪು ಸ್ಟಾರ್ಟ್ ಮಾಡಿದರು.

ಇದನ್ನು ಹೇಳಿ ಅವರು ನನ್ನ ಮುಖ ನೋಡಿದರು. ನೌಕರಿ ಬಿಡಬೇಡಿ ಎಂದು ಹಿಂದೆ ಬಿದ್ದಿದ್ದವಳು ನಾನೇ ಅಲ್ಲವೇ.

ಆ ದಿನ ಸಂಜೆ ತಮ್ಮ ಶಿಬಿರದಿಂದ ಬಂದು ನಮ್ಮ ಮನೆಯ ಜಗಲಿಯ ಮೇಲೆ ಕೂತ. ಕಾಲು ಅಗಲಿಸಿ ನಡೆಯುತ್ತಿದ್ದ. ನಿಮ್ಮಜ್ಜ ಒಳಗೆ ಬರಲಿಲ್ಲ, ಜೀಪು ಬಿಟ್ಟು ಬರುತ್ತೇನೆಂದು ಹೋದರು. ನಾನು ಮುದ್ದೆ ಮಾಡಿ ಬಡಿಸಿದೆ. ಅವನು ಮುದ್ದೆ ಮುರಿದು ಸಾರಿಗೆ ಅದ್ದಿ ಹಾಗೇ ಹಿಡಿದುಕೊಂಡ. "ಅಕ್ಕ, ಇದು ಮತ್ತೆ ಸರಿಹೋಗ್ತೈತಂತಾ?" ಎಂದು ಕೇಳಿದ.

"ಹ್ಞೂಂ ಕಣೋ, ಹೋಗ್ತೈತಂತೆ. ನೀನು ಉಣ್ಣು" ಎಂದೆ.

ಅವನು ಉಂಡ. ಅವತ್ತು ನಾನು ಹೇಳಿದ ಆ ಸುಳ್ಳನ್ನು ನಂಬಿಕೊಂಡು ಊರಿಗೆ ಹೋದ. ಹೆಂಡತಿಗೂ ಅದನ್ನೇ ಹೇಳಿದ, ನಮ್ಮಕ್ಕ ಪ್ಯಾಟೇಲಿ ಇರಾಳು, ಅವಳಿಗೆ ಗೊತ್ತೈತೆ ಎಂದು. ಅವಳೂ ಒಂದು ವರ್ಷ ಕಾದಳು. ಹಿರಿಯೂರಿನ ಕಡೆ ಯಾರೋ ನಾಟಿ ಔಷಧ ಕೊಡುತ್ತಾರೆಂದು ಇಬ್ಬರೂ ಹೋಗಿ ಬಂದರು. ಆಮೇಲೆ ಒಂದು ದಿನ ಅವಳ ಅಪ್ಪ ಎತ್ತಿನ ಗಾಡಿ ಕಟ್ಟಿಕೊಂಡು ಬಂದು ಮಗಳನ್ನು ಕರೆದುಕೊಂಡು ಹೋದ. ಜಗಳವಾಗಲಿಲ್ಲ. "ನನ್ನ ಮಗಳು ಇನ್ನೂ ಚಿಕ್ಕೋಳು ಬೀಗರೆ" ಎಂದನಂತೆ. ನಮ್ಮಲ್ಲಿ ಕೂಡಿಕೆ, ಎಂದರೆ ಎರಡನೇ ಮದುವೆ, ಮಾಡಿ ಕೊಡುವ ಪದ್ಧತಿ ಇದೆ. ಅವಳನ್ನು ಇನ್ನೊಂದು ಕಡೆ ಕೊಟ್ಟರು. ಗಾಡಿ ಹತ್ತುವ ಮುಂಚೆ ಅವಳು ಹಟ್ಟಿಗೆ ಹೋಗಿ ಕುರಿಗಳನ್ನು ನೋಡಿಕೊಂಡು ಬಂದಳಂತೆ. ತಮ್ಮ ಅವತ್ತು ಮನೆಗೆ ಬರಲಿಲ್ಲ.

ನಮ್ಮಪ್ಪ ಹೇಳಿ ಕಳಿಸಿದರು: ಮಗಳು ಬರಲಿ, ಆ ಗಾಡಿ ಮಾತ್ರ ಕೆರೆ ಏರಿ ಹತ್ತಬಾರದು. ಅಳಿಯ ಬರಬಾರದು ಎಂದು ಹೇಳಲಿಲ್ಲ, ಗಾಡಿ ಎಂದರು. ಆದರೆ ಅವರ ಪಾಲಿಗೆ ಅವೆರಡೂ ಒಂದೇ ಆಗಿದ್ದವು. ನಾನು ಬಸ್ಸಿನಲ್ಲಿ ಹೋಗಿ, ಮಗಳ ಕೈ ಹಿಡಿದು ನಡೆದು ತವರಿಗೆ ಹೋಗಿ ಬರುತ್ತಿದ್ದೆ. ತಪ್ಪಿಸಿಕೊಂಡ ಮೂವರ ಹೆಂಗಸರು ದಾರಿಯಲ್ಲಿ ಸಿಕ್ಕರೆ ಮಾತಾಡಿಸುತ್ತಿದ್ದರು. ಅವರ ಗಂಡಂದಿರನ್ನು ಉಳಿಸಿದ್ದೂ ನಿಮ್ಮಜ್ಜನೇ. ಅದೂ ನನಗೆ ಸಂಕಟವೇ ಆಗುತ್ತಿತ್ತು.

ನಿಮ್ಮಜ್ಜ ಆ ನೌಕರಿ ಬಿಟ್ಟರು. ಈ ಸಲ ನಾನು ಏನೂ ಹೇಳಲಿಲ್ಲ. ಹೊಳಲ್ಕೆರೆಯಲ್ಲಿ ಒಬ್ಬರ ಬಾಡಿಗೆ ಅಂಬಾಸಿಡರ್ ಓಡಿಸತೊಡಗಿದರು. ಅವರು ಹಾರನ್ ಹೊಡೆಯುವುದನ್ನೇ ನಿಲ್ಲಿಸಿದ್ದರು. ಎದುರಿಗೆ ಈರುಳ್ಳಿ ಗಾಡಿ ಹೋಗುತ್ತಿದ್ದರೆ, ಗಾಡಿಯವನು ತಿರುಗಿ ನೋಡುವ ತನಕ ಹಿಂದೆಯೇ ಹೋಗುವರು. ಮದುವೆ ದಿಬ್ಬಣದವರು ಒಳಗಿನಿಂದ, "ಏನಪ್ಪ, ನಿನ್ನ ಗಾಡೀಲಿ ಹಾರನ್ ಇಲ್ವೇನು? ಮುಹೂರ್ತ ಮುಗಿದ ಮ್ಯಾಲೆ ಹೋಗಿ ಪಾತ್ರೆ ತೊಳಿಯಾಣ್ವಾ?" ಎಂದು ರೇಗುವರು. ಎರಡು ಕಡೆ ಕೆಲಸವೂ ಹೋಯಿತು. ಸ್ಟ್ಯಾಂಡಿನಲ್ಲಿ ಅವರಿಗೆ "ಮೂಕ ಡ್ರೈವರ್" ಎಂಬ ಹೆಸರು ಬಿತ್ತು. ಸಾಹುಕಾರರ ಕಾರಿನವರು, ಜೀಪಿನವರು, ಮೂಕ ಡ್ರೈವರ್. ಅವರ ಸ್ವಂತ ಹೆಸರು ಹಿಡಿದು ಕರೆದವರು ಬಹಳ ಕಡಿಮೆ ಜನ.

ಆಮೇಲೆ ನಿಮ್ಮಪ್ಪ ಹುಟ್ಟಿದ. ಕಿವಿ ಚುಚ್ಚಿಸಬೇಕಲ್ಲ, ಅದಕ್ಕೆ ಸೋದರಮಾವನ ತೊಡೆಯೇ ಆಗಬೇಕು. ನನಗಿದ್ದವನು ಒಬ್ಬನೇ ತಮ್ಮ. ಅವನು ಬರುತ್ತಾನೋ ಇಲ್ಲವೋ, ಕರೆಯಲು ಯಾವ ಮುಖ ಎಂದು ಮುಂದಕ್ಕೆ ಹಾಕುತ್ತಲೇ ಹೋದೆವು. ಮಗುವಿಗೆ ಎರಡು ತುಂಬಿತು. ಕೊನೆಗೆ ನಿಮ್ಮಜ್ಜ, "ನಾನೇ ಹೋಗಿ ಕರೀತೀನಿ" ಎಂದು ಹೇಳಿ, ಮಾಲೀಕರನ್ನು ಕೇಳಿ ಅಂಬಾಸಿಡರ್ ತೆಗೆದುಕೊಂಡು ಹೋದರು. ಅಷ್ಟು ಹೊತ್ತಿಗೆ ಅಕ್ಕಸಾಲಿಗನಿಗೆ ಹೇಳಿ, ದಿನ ಗೊತ್ತು ಮಾಡಿ ಆಗಿತ್ತು. ಅದೇ ದಿನ ಮುಂಜಾನೆ ಹೊರಟರು.

ಕೆರೆ ಏರಿಯ ಈಚೆಗೇ ಕಾರು ನಿಲ್ಲಿಸಿ ಹಟ್ಟಿಗೆ ನಡೆದು ಹೋದರಂತೆ. ತಮ್ಮ ಹಾಲು ಕರೆಯುತ್ತಿದ್ದ. ಇವರನ್ನು ನೋಡಿ ಎದ್ದು ನಿಂತ.

"ಹಾರನ್ ಹೊಡೀಬೇಕಿತ್ತು ಭಾವ. ನಾನೇ ಬರ್ತಿದ್ನಲ್ಲ" ಎಂದನಂತೆ. ಚುಚ್ಚಿ ಅಂದನೋ, ಹಾಗೇ ಅಂದನೋ ನಿಮ್ಮಜ್ಜನಿಗೆ ಗೊತ್ತಾಗಲಿಲ್ಲ. ನಾನು ಅವನನ್ನು ಎತ್ತಿ ಬೆಳೆಸಿದವಳು. ಹಾಗೇ ಅಂದಿರುತ್ತಾನೆ.

ಬರಲು ಒಪ್ಪಿದ. ಸೋದರಳಿಯನಿಗೆಂದು ಒಂದು ಮರಿ ಆರಿಸಿ ಹೆಗಲಿಗೆ ಹಾಕಿಕೊಂಡ. ಕಾರಿನ ಹತ್ತಿರ ಬಂದಾಗ ನಿಮ್ಮಜ್ಜ ಮುಂದಿನ ಬಾಗಿಲು ತೆಗೆದರು. ತಮ್ಮ ಆ ಸೀಟನ್ನು ನೋಡಿದ. "ನೀನು ನಡಿ ಭಾವ. ನಾನು ನಡ್ಕಂಡು ಬರ್ತೀನಿ" ಎಂದ.

"ಹನ್ನೆರಡು ಮೈಲಿ ಐತೆ ಕಣೋ."

"ಕುರಿ ಹಿಂದೆ ದಿನಾ ನಡೀತೀನಿ, ಇದೇನು."

ಅವನು ನಡೆಯತೊಡಗಿದ. ನಿಮ್ಮಜ್ಜ ಅವನನ್ನು ದಾಟಿ ಮುಂದೆ ಹೋಗಲಿಲ್ಲ. ಅವನ ಹಿಂದೆ ಸ್ವಲ್ಪ ದೂರ ಓಡಿಸುವುದು, ನಿಲ್ಲಿಸುವುದು, ಅವನು ಮುಂದೆ ಹೋದ ಮೇಲೆ ಮತ್ತೆ ಓಡಿಸುವುದು. ಬಿ.ದುರ್ಗ ಬಂತು, ಚಿಕ್ಕಜಾಜೂರು ಬಂತು. ಕಾರು ಬಂದರೆ ಜನ ದಾರಿ ಬಿಡುತ್ತಿದ್ದ ಕಾಲ ಅದು. ಕಂಬಳಿ ಹೊದ್ದು, ಮರಿ ಹೊತ್ತವನೊಬ್ಬ ರೋಡಿನ ಮಧ್ಯೆ ಹೋಗುತ್ತಿದ್ದಾನೆ, ಹಿಂದೆ ಅಂಬಾಸಿಡರ್ ಸದ್ದಿಲ್ಲದೆ ಬರುತ್ತಿದೆ. ಚಿಕ್ಕಜಾಜೂರಿನ ಹೋಟೆಲಿನವರು ಹೊರಗೆ ಬಂದು ನೋಡಿದರಂತೆ. "ಯಾರಪ್ಪ ಈ ಯಜಮಾನ? ಕಾರು ಹಿಂದೆ ಇಟ್ಕಂಡು ನಡೀತಾನಲ್ಲ!" ಎಂದು ಒಬ್ಬ ಕೇಳಿದರೆ, "ಹರಕೆ ಇರಬೇಕು ಕಣೋ, ದೊಡ್ಡೋರು" ಎಂದು ಇನ್ನೊಬ್ಬ. ಒಬ್ಬ ಮುದುಕ ತಮ್ಮನಿಗೆ ಕೈಮುಗಿದನಂತೆ. ತಮ್ಮ ಇದನ್ನು ನನಗೆ ಹೇಳುವಾಗ ನಕ್ಕ. ನಿಮ್ಮಜ್ಜ ಹೇಳಿದ್ದು ಬೇರೆ: ಕಾರು ಅಷ್ಟು ನಿಧಾನ ಓಡಿ ಓಡಿ ಆ ದಿನ ರೇಡಿಯೇಟರ್ ನಿಜವಾಗಿಯೂ ಕಾದಿತ್ತು. ಅದೇ ಮೋರಿಯ ಹತ್ತಿರ ನಿಲ್ಲಿಸಬೇಕಾಯಿತು. ತಮ್ಮ ತಿರುಗಿ ನೋಡಿದ, ನಿಂತ. ನೀರು ತರಲು ಬರಲಿಲ್ಲ. ಇವರೇ ಹಳ್ಳಕ್ಕೆ ಇಳಿದು ನೀರು ತಂದು ಹಾಕುವ ತನಕ ಅಲ್ಲೇ ನಿಂತು ಕಾದಿದ್ದು, ಮತ್ತೆ ನಡೆದ.

ಅವರಿಬ್ಬರೂ ನಮ್ಮ ಬೀದಿಗೆ ಬಂದಾಗ ಮಧ್ಯಾಹ್ನ ತಿರುಗಿತ್ತು. ಗೊತ್ತು ಮಾಡಿದ ಹೊತ್ತು ಮೀರಿದೆ ಎಂದು ಅಕ್ಕಸಾಲಿಗ ಗೊಣಗುತ್ತಿದ್ದ. ತಮ್ಮ ಮರಿಯನ್ನು ಕಂಬಕ್ಕೆ ಕಟ್ಟಿ, ಕಾಲು ತೊಳೆದು, ಜಗಲಿಯ ಮೇಲೆ ಚಾಪೆಯಲ್ಲಿ ಕೂತ. ಅವತ್ತು ಮುದ್ದೆ ಮುಂದಿಟ್ಟುಕೊಂಡು ಕೂತಿದ್ದ ಜಾಗವೇ. ನಾನು ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿದೆ. ಅವನು ಎರಡೂ ಕೈಯಲ್ಲಿ ಮಗುವಿನ ತಲೆ ಹಿಡಿದುಕೊಂಡ, ನೀರಿನ ಡಬ್ಬ ಹಿಡಿದ ಹಾಗೆ, ಚೆಲ್ಲಬಾರದೆಂಬ ಹಾಗೆ. ನಿಮ್ಮಜ್ಜ ಬಾಗಿಲ ಹೊರಗೆ ಕಾರಿಗೆ ಒರಗಿ ನಿಂತಿದ್ದರು.

ತಂತಿ ಚುಚ್ಚಿದ ಕೂಡಲೇ ಮಗು ಉಸಿರು ಕಟ್ಟುವ ಹಾಗೆ ಅತ್ತಿತು. ಬೆಲ್ಲ ಬಾಯಿಗಿಟ್ಟರೂ ನಿಲ್ಲಲಿಲ್ಲ. ನನ್ನ ತಮ್ಮ ಮಗುವನ್ನು ಎದೆಗೆ ಒತ್ತಿಕೊಂಡು, ಕಾರಿನ ಕಡೆ ಕೈ ತೋರಿಸಿ, "ಅಳಬ್ಯಾಡ ಕಣೋ, ಅಲ್ಲಿ ನೋಡು, ಅಪ್ಪನ ಕಾರು" ಎಂದ. ಮತ್ತೆ ಬಾಯಲ್ಲಿ, ಮೊದಲಿನ ಹಾಗೆಯೇ, "ಪೋಂ, ಪೋಂ, ಪೋಂ" ಎಂದ.

ಮೂರು ಸಲ. ಅವನಿಗೆ ಅದರ ಎಚ್ಚರವೂ ಇರಲಿಲ್ಲ. ಮಗು ಅಳು ನಿಲ್ಲಿಸಿ ಅವನ ಬಾಯಿ ನೋಡಿತು.

ನಾನು ಬಾಗಿಲ ಕಡೆ ತಿರುಗಿದೆ. ಕಾರು ಅಲ್ಲೇ ಇತ್ತು. ನಿಮ್ಮಜ್ಜ ಅದನ್ನು ಬಿಟ್ಟು ಬೀದಿಯ ತುದಿಯ ಕಡೆ ನಡೆದು ಹೋಗುತ್ತಿದ್ದರು.